ಹಳೇ ನಾಣ್ಯ ಕೊಳ್ಳುವ ಮುಂಚೆ ವ್ಯಾಪಾರಿಯನ್ನು ವಿಚಾರಿಸುವುದು ಹೇಗೆ

ಹೊಸ ನಾಣ್ಯ ವ್ಯಾಪಾರಿ ಸಿಕ್ಕರೆ ನಾನು ಮೊದಲು ಬೆಲೆ ಕೇಳುವುದಿಲ್ಲ. "ಅಣ್ಣಾರ, ನಿಮ್ಮ ಕಡೆ ತಗೊಂಡ ನಾಣ್ಯ ನಕಲಿ ಅಂತ ಆಮ್ಯಾಲೆ ಗೊತ್ತಾದ್ರ ಏನ್ ಮಾಡ್ತೀರಿ?" ಅಂತ ಕೇಳುತ್ತೇನೆ. ಇದಕ್ಕೆ ಬರುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಉಳಿದರ್ಧಕ್ಕೆ ಸ್ವಲ್ಪ ಓಡಾಡಬೇಕು.

ವಿಜಯಪುರದಲ್ಲಿ ತಕ್ಕಡಿ ರಿಪೇರಿ ನನ್ನ ಕಸುಬು. ಕಿರಾಣಿ ಅಂಗಡಿಯ ಕಾಂಟಾದಿಂದ ಹಿಡಿದು ಸರಾಫರ ಮಿಲಿಗ್ರಾಂ ತಕ್ಕಡಿಯವರೆಗೆ ಎಲ್ಲವೂ ನನ್ನ ಕೈಗೆ ಬರುತ್ತವೆ. ಸರಾಫ ಅಂಗಡಿಗಳಲ್ಲಿ ಕೂತು ಕೂತು ಹಳೇ ನಾಣ್ಯದ ಹುಚ್ಚು ಹಿಡಿಯಿತು. ಆದಿಲ್‌ಶಾಹಿ ತಾಮ್ರದ ನಾಣ್ಯ ಮತ್ತು ರಾಣಿ ಛಾಪಿನ (ವಿಕ್ಟೋರಿಯಾ ರಾಣಿಯ ಮುಖ ಇರುವ) ರೂಪಾಯಿ ನನ್ನ ಹತ್ತಿರ ಜಾಸ್ತಿ. ಹೀಗಾಗಿ ಪರಿಚಯದವರು ಏನಾದರೂ ಕೊಳ್ಳುವ ಮುಂಚೆ ಫೋಟೋ ಕಳಿಸಿ "ಇದು ಅಸಲಿ ಅಲ್ವಾ?" ಅಂತ ಕೇಳುತ್ತಾರೆ. ಫೋಟೋ ನೋಡಿ ಹೇಳುವುದು ಕಷ್ಟ. "ಮಾರುವವನು ಯಾರು?" ಅಂತ ನಾನು ತಿರುಗಿ ಕೇಳಿದರೆ ಬಹಳ ಜನರ ಹತ್ತಿರ ಉತ್ತರವೇ ಇರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರಾಮಾಣಿಕ ವ್ಯಾಪಾರಿಯ ಕೈಗೂ ನಕಲಿ ನಾಣ್ಯ ಬರುತ್ತದೆ. ಅವನೂ ಎಲ್ಲೋ ಕೊಂಡೇ ಮಾರುತ್ತಾನೆ. ಯಾರದೋ ಮನೆಯ ಗಂಟಿನಲ್ಲಿ ನೂರು ನಾಣ್ಯ ಬಂದರೆ ಒಂದೆರಡು ಕೆಟ್ಟವು ಸೇರಿರಬಹುದು. ಆದ್ದರಿಂದ "ಇವನು ಯಾವತ್ತೂ ನಕಲಿ ಮಾರಿಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಸಮಾಧಾನ ಆಗುವುದಿಲ್ಲ. ಮಾರಿದ್ದು ವಾಪಸ್ ಬಂದಾಗ ಏನು ಮಾಡಿದ ಅನ್ನುವುದು ಬೇಕು.

ಸೊಲ್ಲಾಪುರದಲ್ಲಿ ಒಬ್ಬರು ಹಿರಿಯ ವ್ಯಾಪಾರಿ ಇದ್ದಾರೆ. ಒಮ್ಮೆ ನಾನು ಅವರ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹುಡುಗ 1939ರ ಬೆಳ್ಳಿ ರೂಪಾಯಿ ವಾಪಸ್ ತಂದ. ಆ ವರ್ಷದ ರೂಪಾಯಿ ತೀರಾ ಅಪರೂಪ, ಬೆಲೆ ಬಹಳ. ಅದಕ್ಕೇ 1938ರ ರೂಪಾಯಿಯ 8 ಅನ್ನು ಕೆತ್ತಿ 9 ಮಾಡಿ ಮಾರುತ್ತಾರೆ. ಹಿರಿಯರು ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಆ 9ರ ಬಾಲವನ್ನೇ ನೋಡಿದರು. ಬಾಲದ ಪಕ್ಕದ ಬಯಲು ಭಾಗ ಉಳಿದ ಕಡೆಗಿಂತ ಸ್ವಲ್ಪ ತಗ್ಗಾಗಿತ್ತು, ಅಲ್ಲಿ ಬೇರೆ ಥರದ ಹೊಳಪು. ಕೆತ್ತಿದ ಮೇಲೆ ಉಜ್ಜಿದ ಗುರುತು ಅದು. ಅವರು ಹುಡುಗನ ಜೊತೆ ವಾದಕ್ಕೆ ಇಳಿಯಲಿಲ್ಲ. ಬಿಲ್ ನೋಡಿ ಅಷ್ಟೂ ಹಣ ಎಣಿಸಿ ಕೊಟ್ಟರು. ಆಮೇಲೆ ನಾಣ್ಯದ ಮೇಲೆ ಚಾಕುವಿನಿಂದ ಒಂದು ಗೀರು ಎಳೆದು ಪುಟ್ಟ ತಗಡಿನ ಡಬ್ಬಿಗೆ ಹಾಕಿದರು. ಡಬ್ಬಿಯ ತುಂಬ ಅಂಥವೇ. ಹೊಸ ಗಿರಾಕಿಗಳಿಗೆ ತೋರಿಸಲಿಕ್ಕೆ ಇಟ್ಟಿದ್ದಾರಂತೆ. ಅಂದಿನಿಂದ ನಾನು ಯಾವ ವ್ಯಾಪಾರಿಯ ಹತ್ತಿರ ಹೋದರೂ "ನಕಲಿ ಇದ್ರ ತೋರಸ್ರಿ, ಕಲೀತೀನಿ" ಅನ್ನುತ್ತೇನೆ. ಕೆಲವರು ಖುಷಿಯಿಂದ ತೋರಿಸುತ್ತಾರೆ. ಕೆಲವರು "ನಮ್ಮಲ್ಲಿ ನಕಲಿ ಇರೋದೇ ಇಲ್ಲ" ಅನ್ನುತ್ತಾರೆ. ನಾನು ಎರಡನೆಯವರ ಹತ್ತಿರ ದೊಡ್ಡ ಮಾಲು ಕೊಳ್ಳುವುದಿಲ್ಲ.

ವಾಪಸಿನ ಪ್ರಶ್ನೆಗೆ ಸಿಗುವ ಉತ್ತರಗಳು ಸಾಮಾನ್ಯವಾಗಿ ಮೂರು ಥರ. "ನಕಲಿ ಅಂತ ಸಾಬೀತಾದರೆ ಯಾವಾಗ ತಂದರೂ ಪೂರ್ತಿ ಹಣ ಕೊಡ್ತೀನಿ, ಬಿಲ್‌ನಲ್ಲಿ ಬರೆದೂ ಕೊಡ್ತೀನಿ" ಅನ್ನುವವನು ಒಳ್ಳೆಯವನು. "ಏಳು ದಿನದೊಳಗೆ ತನ್ನಿ, ಬದಲಿಗೆ ಬೇರೆ ನಾಣ್ಯ ತಗೊಳ್ಳಿ" ಅನ್ನುವವನ ಹತ್ತಿರ ಸಣ್ಣಪುಟ್ಟ ವ್ಯವಹಾರ ಮಾಡಬಹುದು. ಏಳು ದಿನ ಅನ್ನುವುದು ಇಷ್ಟ ಆಗದಿದ್ದರೆ ವಾಪಸ್ ಕೊಡಲಿಕ್ಕೆ ಸಾಕು, ನಕಲಿ ಪತ್ತೆ ಮಾಡಲಿಕ್ಕೆ ಸಾಲದು. "ನಂಬಿಕಿ ಇಲ್ಲಾಂದ್ರ ಬ್ಯಾಡ ಬಿಡ್ರಿ" ಅಂತ ಮುಖ ಸಿಂಡರಿಸುವವನಿಗೆ ನಮಸ್ಕಾರ ಹೇಳಿ ಎದ್ದುಬನ್ನಿ.

ಬಾಯಿಮಾತಿನ ಖಾತ್ರಿ ಸಾಲದು. ಬಿಲ್‌ನಲ್ಲಿ ನಾಣ್ಯದ ವಿವರ ಬರೆಸಿ. ಯಾವ ರಾಜನದು, ಯಾವ ಇಸವಿ, ಯಾವ ಲೋಹ, ತೂಕ ಎಷ್ಟು, ಇಷ್ಟೂ ಇರಲಿ. "ಹಳೇ ನಾಣ್ಯ – 1" ಅಂತ ಬರೆದ ಬಿಲ್ ಗ್ರಾಹಕರ ಆಯೋಗದಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ. ಇಲ್ಲಿ ಬಹಳ ಜನ ಸಂಕೋಚಪಡುತ್ತಾರೆ. ಕಾಕಾ ಅಂತ ಕರೆದವರ ಹತ್ತಿರ ಬಿಲ್ ಹೇಗೆ ಕೇಳುವುದು ಅಂತ. ಕಾಕಾ ಅಂತಲೇ ಕರೆದು ಕೇಳಿ.

ಇನ್ನು ಯಾರನ್ನು ವಿಚಾರಿಸಬೇಕು ಅನ್ನುವುದು. ಗಿರಾಕಿಗಳನ್ನೇ ಕೇಳಿದರೆ ಅಷ್ಟು ಉಪಯೋಗವಿಲ್ಲ. ಕೊಂಡವನಿಗೆ ತಾನು ಕೊಂಡದ್ದು ನಕಲಿ ಅಂತ ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ಹೀಗಾಗಿ ಅವನು ಹೊಗಳುತ್ತಾನೆ. ಆ ವ್ಯಾಪಾರಿಗೆ ನಾಣ್ಯ ಮಾರಿದವರನ್ನು ಹುಡುಕಿ. ಅಜ್ಜಿಯ ಗಂಟಿನ ಬೆಳ್ಳಿ ರೂಪಾಯಿ ಕೊಟ್ಟವರು, ಸಂಗ್ರಹ ಬಿಟ್ಟವರು. ಅವರಿಗೆ ಸರಿಯಾದ ಬೆಲೆ ಕೊಟ್ಟನೋ ಇಲ್ಲವೋ, ಹೇಳಿದ ದಿನಕ್ಕೆ ಹಣ ಕೊಟ್ಟನೋ ಇಲ್ಲವೋ. ಏನೂ ತಿಳಿಯದ ಮುದುಕಿಗೆ ಅಪರೂಪದ ನಾಣ್ಯಕ್ಕೆ ಬರೀ ಬೆಳ್ಳಿಯ ಬೆಲೆ ಕೊಟ್ಟು ಕಳಿಸುವವನು ನಿಮಗೂ ಹಾಗೇ ಮಾಡುತ್ತಾನೆ. ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ರೈತರು ಎತ್ತಿನ ಹಲ್ಲು ನೋಡುತ್ತಲೇ ಮಾಲೀಕನ ಊರು, ಮನೆತನ ವಿಚಾರಿಸುತ್ತಾರಲ್ಲ, ನಾಣ್ಯಕ್ಕೂ ಆ ಪದ್ಧತಿಯೇ ಸರಿ.

ಸರಾಫರನ್ನು ಕೇಳಿ. ನಾಣ್ಯ ವ್ಯಾಪಾರಿಗಳು ಬೆಳ್ಳಿ ಬಂಗಾರದ ಶುದ್ಧತೆ ನೋಡಿಸಲಿಕ್ಕೆ ಅವರ ಹತ್ತಿರ ಹೋಗಿಯೇ ಹೋಗುತ್ತಾರೆ. ಉದ್ರಿ ತೀರಿಸುತ್ತಾನಾ, ಚೆಕ್ ವಾಪಸ್ ಬಂದಿದೆಯಾ ಅನ್ನುವುದು ಅವರಿಗೆ ಗೊತ್ತಿರುತ್ತದೆ. ನೇರವಾಗಿ "ಅವನು ಒಳ್ಳೆಯವನಾ?" ಅಂತ ಕೇಳಬೇಡಿ. ನಮ್ಮ ಕಡೆ ಯಾರೂ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯುವ ಮಾತಾಡುವುದಿಲ್ಲ, "ಛಲೋ ಅದಾರ್ರಿ" ಅಂದು ಸುಮ್ಮನಾಗುತ್ತಾರೆ. "ನೀವಾಗಿದ್ರ ಅವರ ಹತ್ರ ಐವತ್ತು ಸಾವಿರದ ಮಾಲು ತಗೋತಿದ್ರೇನು?" ಅಂತ ಕೇಳಿ. ಆಗ ಉತ್ತರ ಬರುವ ಮುಂಚೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನು ಗಮನಿಸಿ. ಪಕ್ಕದ ಚಹಾ ಅಂಗಡಿಯವರೂ ಒಳ್ಳೇ ಸಾಕ್ಷಿ. ಜಗಳ ಆಡಲಿಕ್ಕೆ ಬಂದವರೆಲ್ಲ ಅಲ್ಲೇ ಚಹಾ ಕುಡಿದಿರುತ್ತಾರೆ.

ಈಗ ಕಾಗದಪತ್ರ. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ ಹಾಕಿ ನೋಡಿ. ಲಾಗಿನ್ ಬೇಡ, ಹಣ ಬೇಡ. 15 ಅಕ್ಷರದ ನಂಬರು ಅದು. ಮೊದಲ ಎರಡು ಅಂಕಿ ರಾಜ್ಯದ್ದು. 29 ಇದ್ದರೆ ಕರ್ನಾಟಕ, 27 ಇದ್ದರೆ ಮಹಾರಾಷ್ಟ್ರ. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್ ನಂಬರ್. ಅಂಗಡಿ ಗಾಂಧಿ ಚೌಕದ ಹತ್ತಿರ ಅಂತ ಹೇಳಿ ನಂಬರ್ 27ರಿಂದ ಶುರುವಾದರೆ ಯಾಕೆ ಅಂತ ಕೇಳಿ. ಸೊಲ್ಲಾಪುರದ ಮೂಲ ಅಂಗಡಿ ಇದ್ದರೂ ಇರಬಹುದು, ಆದರೆ ಉತ್ತರ ಬೇಕು. ಪೋರ್ಟಲ್‌ನಲ್ಲಿ ಮಾಲೀಕರ ಹೆಸರು, ಅಂಗಡಿಯ ಹೆಸರು, ನೋಂದಣಿಯಾದ ದಿನಾಂಕ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಕಾಣಿಸುತ್ತದೆ. "ಮೂವತ್ತು ವರ್ಷದ ಹಳೇ ಅಂಗಡಿ" ಅಂದವನ ನೋಂದಣಿ ಹೋದ ವರ್ಷದ್ದಾಗಿದ್ದರೆ ಅದೂ ವಿಚಾರಿಸುವ ವಿಷಯವೇ. ಸಣ್ಣ ವ್ಯಾಪಾರಿಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಅದೇನೂ ತಪ್ಪಲ್ಲ. ವಹಿವಾಟು ಮಿತಿಯೊಳಗೆ ಇದ್ದರೆ ನೋಂದಣಿ ಕಡ್ಡಾಯವಿಲ್ಲ. ನಂಬರ್ ಇಲ್ಲದೆಯೇ ತೆರಿಗೆ ಅಂತ ಹಣ ಸೇರಿಸಿದರೆ ಮಾತ್ರ ಅದು ಮೋಸ.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬರುತ್ತದೆ. ಅಂಥವನ್ನು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಲೈಸೆನ್ಸ್ ಬೇಕು. "ಲೈಸೆನ್ಸ್ ಐತೇನ್ರಿ?" ಅಂತ ಕೇಳಿದರೆ ಕೆಲವರು ನಗುತ್ತಾರೆ. ನಕ್ಕರೂ ಕೇಳಿ. ಹಾಗೇ "ಈ ನಾಣ್ಯ ದುಬೈನಲ್ಲಿರುವ ನಿಮ್ಮ ಮಗನಿಗೆ ಕಳಿಸಿಕೊಡ್ತೀನಿ" ಅಂತ ಸಲೀಸಾಗಿ ಹೇಳುವವನಿಂದ ದೂರ ಇರಿ. ಅಷ್ಟು ಹಳೆಯದನ್ನು ನಾವು ನೀವು ದೇಶದ ಹೊರಗೆ ಕಳಿಸುವಂತಿಲ್ಲ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ ಆರಿಸಿ ವ್ಯಕ್ತಿಯ ಹೆಸರು ಹಾಕಿದರೆ ಅವರ ಮೇಲಿನ ಕೇಸುಗಳು ಕಾಣುತ್ತವೆ. ನಮ್ಮ ಕಡೆ ಒಂದೇ ಹೆಸರಿನವರು ಸಾಲುಸಾಲಾಗಿ ಇರುತ್ತಾರೆ, ಹಾಗಾಗಿ ತಂದೆಯ ಹೆಸರು, ಊರು ಹೊಂದಿಸಿ ನೋಡಿ. ಆಸ್ತಿ ಪಾಲಿನ ಕೇಸು ಇದ್ದರೆ ಅದು ಅವರ ಮನೆಯ ವಿಷಯ, ಬಿಟ್ಟುಬಿಡಿ. ಚೆಕ್ ಬೌನ್ಸ್ ಕೇಸು ಮೇಲಿಂದ ಮೇಲೆ ಇದ್ದರೆ ಹುಷಾರು.

ಯುಪಿಐನಲ್ಲಿ ಹಣ ಕಳಿಸುವ ಮುಂಚೆ ಒಂದು ಹೆಸರು ಬರುತ್ತದಲ್ಲ, ಅದನ್ನು ಓದದೆ ಒತ್ತಬೇಡಿ. ಬಿಲ್‌ನಲ್ಲಿರುವ ಹೆಸರಿಗೂ ಅದಕ್ಕೂ ತಾಳೆ ಆಗಬೇಕು. "ನಮ್ಮ ಹುಡುಗನ ನಂಬರು", "ಮಾವನ ಅಕೌಂಟು" ಅಂದರೆ ಹಣ ಅಲ್ಲಿಗೇ ನಿಲ್ಲಿಸಿ.

ಕಾಗದ ಸರಿ ಇದ್ದ ಮಾತ್ರಕ್ಕೆ ಆಸಾಮಿ ಸರಿ ಅಂತ ಅಲ್ಲ. ಅದಕ್ಕೆ ನನ್ನದೊಂದು ಸಣ್ಣ ಪರೀಕ್ಷೆ ಇದೆ. ನನ್ನ ಜೇಬಿನಲ್ಲಿ ಒಂದು ನಾಣ್ಯ ಇರುತ್ತದೆ. ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಅಂತ ಬರೆದಿದೆ, ಇನ್ನೊಂದು ಬದಿ ರಾಮ, ಸೀತೆ, ಹನುಮಂತ. ಗೋಳಗುಮ್ಮಟದ ಮುಂದೆ ಪ್ರವಾಸಿಗಳಿಗೆ ಇಂಥವನ್ನು ಹಿಡಿದು ತೋರಿಸುವವರು ಸಿಗುತ್ತಾರೆ. ಕಂಪನಿ ಇಂಥ ಅರ್ಧ ಆಣೆ ಟಂಕಿಸಲೇ ಇಲ್ಲ. ಮದ್ರಾಸಿನ ಕಂಪನಿ ವರಹದ ಮೇಲೆ ವಿಷ್ಣು ಇದ್ದದ್ದು ನಿಜ, ಆದರೆ ಅದು ಚಿನ್ನದ್ದು, ಅದರ ಅಂದವೇ ಬೇರೆ. ಈ ರಾಮ ದರ್ಬಾರ್ ನಾಣ್ಯ ಆಮೇಲೆ ಯಾರೋ ಮಾಡಿದ ಬಿಲ್ಲೆ. ಇದನ್ನು ವ್ಯಾಪಾರಿಯ ಮುಂದಿಟ್ಟು "ಇದಕ್ಕೆ ಎಷ್ಟು ಬರ್ತದ್ರಿ?" ಅಂತೇನೆ. "ಏನೂ ಬರಲ್ಲ, ದೇವರ ಮುಂದೆ ಇಡ್ರಿ" ಅಂದವನು ಪಾಸು. "ಭಾರಿ ನಾಣ್ಯ, ಅಕ್ಕಿ ಎಳೀತದೇನು ನೋಡ್ರಿ" ಅಂದವನ ಅಂಗಡಿಗೆ ಮತ್ತೆ ಹೋಗಬೇಡಿ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯ, ರೈಸ್ ಪುಲ್ಲಿಂಗ್ ಅನ್ನುವುದೆಲ್ಲ ಶುದ್ಧ ಮೋಸ.

1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಅನ್ನುವ ಕಥೆ ಹೇಳಿ ಕೆಲವರು ದೊಡ್ಡ ಪಂಡಿತರ ಹಾಗೆ ಕೂರುತ್ತಾರೆ. ಕಥೆ ನಿಜವೇ. ಆದರೆ ಅದು ಯೂಟ್ಯೂಬ್‌ನಲ್ಲೂ ಸಿಗುತ್ತದೆ. ನಾನು ಮಾತಿಗಿಂತ, ತೂಕ ಮಾಡಲು ಬಿಡುತ್ತಾನಾ ಅಂತ ನೋಡುತ್ತೇನೆ.

ಇದು ನನ್ನ ಕಸುಬಿನ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ರಾಣಿ ಛಾಪಿನ ರೂಪಾಯಿಯಿಂದ ಹಿಡಿದು 1939ರವರೆಗಿನ ಬೆಳ್ಳಿ ರೂಪಾಯಿ 11.66 ಗ್ರಾಂ. ಅಂದರೆ ಸರಿಯಾಗಿ ಒಂದು ತೊಲ. ಸವೆದಿದ್ದರೆ ಸ್ವಲ್ಪ ಕಡಿಮೆ ಇರಬಹುದು, ಜಾಸ್ತಿ ಇರುವಂತಿಲ್ಲ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರದ್ದು ಬರೀ ನಿಕ್ಕಲ್. ಬರೀ ತೂಕ ಸರಿ ಇದ್ದರೆ ಸಾಲದು, ನಕಲಿ ಮಾಡುವವರೂ ತೂಕ ಹೊಂದಿಸುತ್ತಾರೆ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳ್ಳಗಿನ ದಾರ ಕಟ್ಟಿ ನೀರೊಳಗೆ ಪೂರ್ತಿ ಮುಳುಗಿಸಿ, ತಳಕ್ಕೆ, ಗೋಡೆಗೆ ತಾಗಬಾರದು. 1939ರವರೆಗಿನ ರೂಪಾಯಿಯಾದರೆ ಆಗ ತಕ್ಕಡಿ 1.13 ಗ್ರಾಂ ಆಸುಪಾಸು ತೋರಿಸಬೇಕು. ಜರ್ಮನ್ ಸಿಲ್ವರ್ ಅಥವಾ ಹಿತ್ತಾಳೆಗೆ ಬೆಳ್ಳಿ ಲೇಪ ಕೊಟ್ಟದ್ದಾದರೆ 1.35ರ ಹತ್ತಿರ ಹೋಗುತ್ತದೆ. ನಾಣ್ಯಕ್ಕೆ ಏನೂ ಹಾನಿಯಿಲ್ಲ. ಕೆಲಸ ಮುಗಿದ ಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ, ತಿಕ್ಕಬೇಡಿ.

ನೀರಿನ ಪರೀಕ್ಷೆ ಮಾಡಲಾ ಅಂತ ಕೇಳಿದಾಗ ಒಳ್ಳೇ ವ್ಯಾಪಾರಿ ತಾನೇ ಲೋಟ ತಂದು ಕೊಡುತ್ತಾನೆ. ಇನ್ನೊಬ್ಬ "ನಾಣ್ಯ ಹಾಳಾಗ್ತದ" ಅಂತಾನೆ, ಆದರೆ ಅವನ ಅಂಗಡಿಯ ಬೆಳ್ಳಿಯೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಅನ್ನುತ್ತಿರುತ್ತದೆ. ಹಾಗೆ ತಿಕ್ಕಿದ ನಾಣ್ಯದ ಬೆಲೆ ಸಂಗ್ರಹಕಾರರ ಕಣ್ಣಿಗೆ ಬಿದ್ದೇಹೋಗುತ್ತದೆ. ಎಲ್ಲ ನಾಣ್ಯವೂ ಹೊಸ ಮಿಂಚು ಹೊಡೆಯುವ ಅಂಗಡಿ ನನಗೆ ಸೇರುವುದಿಲ್ಲ.

ನಮ್ಮೂರಿನದೇ ಒಂದು ವಿಶೇಷ ಅಪಾಯ ಇದೆ. ಎರಡನೇ ಅಲಿ ಆದಿಲ್‌ಶಾಹ 1656ರಿಂದ 1672ರವರೆಗೆ ಆಳಿದ. ಅವನ ಕಾಲದಲ್ಲಿ ಸಮುದ್ರ ವ್ಯಾಪಾರಕ್ಕೆ ಅಂತ ಲಾರಿ ನಾಣ್ಯ ಹೊರಟಿತು. ಬೆಳ್ಳಿ ತಂತಿಯನ್ನು ಎರಡು ಮಡಿಕೆ ಮಾಡಿ ಮೇಲೆ ಅಚ್ಚು ಒತ್ತಿದ್ದು. ತೂಕ ಐದು ಗ್ರಾಂಗೆ ಸ್ವಲ್ಪ ಕಡಿಮೆ. ನೋಡಿದವರು ನಾಣ್ಯ ಅಂತಲೇ ಒಪ್ಪುವುದಿಲ್ಲ. ಇದನ್ನು ನಕಲು ಮಾಡುವುದು ಸುಲಭ ಅಂತ ಎಲ್ಲರಿಗೂ ಅನ್ನಿಸುತ್ತದೆ, ತಂತಿ ತಾನೇ. ಅದಕ್ಕೇ ಊರ ಹೆಸರಿನ ಮೇಲೆ ಕಥೆ ಕಟ್ಟುವವರು ಬಹಳ. "ಕ್ವಾಟಿ ಗ್ವಾಡಿ ಬಿದ್ದಾಗ ಸಿಕ್ತು", "ಹೊಲ ಹರಗುವಾಗ ಗಡಿಗಿ ಸಿಕ್ತು" ಅಂತ ಕಿವಿಯಲ್ಲಿ ಹೇಳುತ್ತಾರೆ. ಈ ಮಾತು ಸುಳ್ಳಾದರೆ ವ್ಯಾಪಾರಿ ಸುಳ್ಳುಗಾರ. ನಿಜವಾದರೆ ಇನ್ನೂ ಕೆಟ್ಟದ್ದು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ಕಾನೂನಿದೆ, ಮುಚ್ಚಿಟ್ಟು ಮಾರಿದ ಮಾಲು ಕೊಂಡರೆ ನಾಳೆ ಪೊಲೀಸರು ನಿಮ್ಮ ಬಾಗಿಲಿಗೂ ಬರುತ್ತಾರೆ. ಒಳ್ಳೇ ವ್ಯಾಪಾರಿ ಕಥೆ ಹೇಳುವುದಿಲ್ಲ. ಯಾವ ಹರಾಜಿನಲ್ಲಿ ಕೊಂಡೆ, ಯಾರ ಸಂಗ್ರಹದಿಂದ ಬಂತು ಅಂತ ಕಾಗದ ತೋರಿಸುತ್ತಾನೆ. ಕೊಳ್ಳುವ ಮುಂಚೆ ಬೆಂಗಳೂರು, ಮುಂಬೈನ ಹರಾಜು ಸಂಸ್ಥೆಗಳ ಹಳೇ ಫಲಿತಾಂಶ ನೋಡಿ. ಅಲ್ಲಿ ಚಿತ್ರ, ತೂಕ, ಹೋದ ಬೆಲೆ ಮೂರೂ ಸಿಗುತ್ತವೆ. ಅಲ್ಲಿಯ ಬೆಲೆಯ ಕಾಲುಭಾಗಕ್ಕೆ ಇಲ್ಲಿ ಸಿಗುತ್ತಿದೆ ಅಂದರೆ ಅದೃಷ್ಟ ಅಂತ ಕುಣಿಯಬೇಡಿ.

ಆನ್‌ಲೈನ್ ವ್ಯಾಪಾರಿಯಾದರೆ ಇನ್ನೂ ಎರಡು ಮಾತು. ಇವತ್ತಿನ ದಿನಪತ್ರಿಕೆಯ ತಲೆಬರಹದ ಮೇಲೆ ನಾಣ್ಯ ಇಟ್ಟು ಫೋಟೋ ಕಳಿಸಿ ಅನ್ನಿ. ಮಾಲು ಕೈಯಲ್ಲಿ ಇಲ್ಲದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಅವನು ಹಾಕಿದ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡಿ, ಯಾವುದೋ ಹಳೇ ಹರಾಜಿನ ಚಿತ್ರ ಕದ್ದಿರಬಹುದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಎನ್‌ಜಿಸಿ ಅಥವಾ ಪಿಸಿಜಿಎಸ್ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ವಿದೇಶಿ ಸಂಸ್ಥೆಗಳು) ಪ್ರಮಾಣಪತ್ರದ ಜೊತೆ ಬಂದಿದ್ದರೆ ಮೇಲಿನ ನಂಬರನ್ನು ಅವರ ಜಾಲತಾಣದಲ್ಲಿ ಹಾಕಿ, ಚಿತ್ರ ಇದ್ದರೆ ಹೊಂದಿಸಿ ನೋಡಿ. ಡಬ್ಬಿಯೂ ನಕಲಿ ಬರುತ್ತದೆ. ಹೊಗಳಿಕೆಯ ರಿವ್ಯೂ ಬಿಟ್ಟು ಬೈದಿರುವುದನ್ನೇ ಓದಿ. ಬೈಗುಳಕ್ಕೆ ವ್ಯಾಪಾರಿ ಕೊಟ್ಟ ಉತ್ತರದಲ್ಲಿ ಅವನ ಸ್ವಭಾವ ಇರುತ್ತದೆ.

ನೀವು ಮಾರುವವರಾದರೆ ಮೋಸ ಉಲ್ಟಾ ಬರುತ್ತದೆ. ವೈಷ್ಣೋದೇವಿಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡ್ತೀವಿ, ರಿಸರ್ವ್ ಬ್ಯಾಂಕಿನ ಶುಲ್ಕ ಮೊದಲು ಕಟ್ಟಿ ಅನ್ನುತ್ತಾರೆ. ಹಳೇ ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಶುಲ್ಕ ಕಮಿಷನ್ ಏನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಅದೇ ಗಳಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಲ್ಲ ವಿಚಾರಿಸಿ ಮನಸ್ಸು ಒಪ್ಪಿದ ಮೇಲೂ ಮೊದಲ ಸಲ ದೊಡ್ಡದು ಕೊಳ್ಳಬೇಡಿ. ಎಲ್ಲ ಕಡೆ ಸಿಗುವ, ಬೆಲೆ ಗೊತ್ತಿರುವ ಒಂದು ಬೆಳ್ಳಿ ರೂಪಾಯಿ ಕೊಳ್ಳಿ. ಆಮೇಲೆ ಹಾಗೇ ಮಾತಿಗೆ "ಇದನ್ನ ಈಗ ನಿಮಗ ಕೊಟ್ರ ಎಷ್ಟಕ್ಕ ತಗೋತೀರಿ?" ಅಂತ ಕೇಳಿ. ಕೊಳ್ಳುವ, ಮಾರುವ ಬೆಲೆಯ ನಡುವೆ ಅಂತರ ಇರಲೇಬೇಕು, ಅವನಿಗೂ ಹೊಟ್ಟೆಪಾಡು ಇದೆ. ಆದರೆ ನಿನ್ನೆ ಮೂರು ಸಾವಿರಕ್ಕೆ ಕೊಟ್ಟಿದ್ದನ್ನು ಇವತ್ತು ಎಂಟುನೂರಕ್ಕೆ ಕೇಳಿದರೆ ಅವನು ಹೇಳಿದ ಬೆಲೆ ಎಷ್ಟು ನಿಜ ಅಂತ ನಿಮಗೇ ಗೊತ್ತಾಗುತ್ತದೆ. ಪಾರ್ಸೆಲ್‌ನಲ್ಲಿ ತರಿಸಿದರೆ ವಿಮೆ ಮಾಡಿಸಿ ಕಳಿಸಲು ಹೇಳಿ. ಪೊಟ್ಟಣ ಒಡೆಯುವಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಸೀಲು, ವಿಳಾಸ, ನಾಣ್ಯದ ಎರಡೂ ಬದಿ, ತಕ್ಕಡಿಯ ಮೇಲಿನ ತೂಕ, ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ಬರಲಿ. ಆ ವಿಡಿಯೋ ಮತ್ತು ಬಿಲ್ ಎರಡನ್ನೂ ನಾಣ್ಯ ನಿಮ್ಮ ಹತ್ತಿರ ಇರುವಷ್ಟು ದಿನ ಜೋಪಾನ ಮಾಡಿ.